ಪಟ್ಟಣದ ಚಿತ್ರಶಾಲೆಯೂ ನಮ್ಮ ಮನೆಯ ಟ್ರಂಕೂ

ನಮ್ಮ ಸೀಮೆಯ ಕುಟುಂಬಗಳು ಬೆಂಗಳೂರಿಗೆ ಹೋಗಿಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗನ ನೌಕರಿ, ಮಗಳ ಬಾಣಂತನ, ಬೀಗರ ಮನೆಯ ಲಗ್ನ, ದೊಡ್ಡ ದವಾಖಾನೆ,—ಇವುಗಳಲ್ಲಿ ಯಾವುದಾದರೊಂದು ನಿಮಿತ್ತದಿಂದ ಆ ಪಟ್ಟಣದ ದರ್ಶನವು ಒದಗಿಯೇ ಒದಗುತ್ತದೆ. ಬಂದ ಕೆಲಸ ತೀರಿದ ಬಳಿಕ ಕೈಯಲ್ಲಿ ಒಂದು ದಿನ ಉಳಿಯಿತೆನ್ನಿ. ಲಾಲಬಾಗು, ವಿಧಾನಸೌಧ, ಅರಿವೆಯಂಗಡಿಗಳ ಬೀದಿ, ಇಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಚಿತ್ರಶಾಲೆಗೆ ಹೋಗೋಣವೆಂದು ಯಾರಾದರೂ ಸೂಚಿಸಿದರೆ, "ಅದು ಕಲಿತವರ ಜಾಗ, ಅಲ್ಲಿ ನಮಗೇನು ತಿಳಿದೀತು?" ಎಂಬ ಉತ್ತರವು ಸಿದ್ಧವಾಗಿರುತ್ತದೆ. ಹೀಗೆ ಹೇಳುವವರು ಮೂಢರಲ್ಲ. ಜೋಳದ ತೆನೆಯನ್ನು ದೂರದಿಂದ ನೋಡಿ ಇಳುವರಿಯನ್ನು ಹೇಳಬಲ್ಲವರು, ಇಳಕಲ್ಲ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ನೇಯ್ಗೆಯ ಹುಳುಕನ್ನು ಕಾಣಬಲ್ಲವರು. ನೋಡುವ ಕಣ್ಣು ಅವರಲ್ಲಿ ಇದ್ದೇ ಇದೆ. ಅದನ್ನು ಅಲ್ಲಿಗೂ ಒಯ್ಯಬಹುದೆಂಬ ಧೈರ್ಯವೊಂದೇ ಇಲ್ಲ.

ಹಾಗೆ ನೋಡಿದರೆ ವಿಜಯಪುರದವರಾದ ನಮಗೆ ವಸ್ತುಸಂಗ್ರಹಾಲಯವು ಹೊಸದೂ ಅಲ್ಲ. ಗೋಲಗುಮ್ಮಟದ ಮುಂದಿರುವ ನಗಾರಖಾನೆಯ ಕಟ್ಟಡದಲ್ಲಿ ಇರುವ ಸಂಗ್ರಹಾಲಯವು 1892ರಷ್ಟು ಹಿಂದೆಯೇ ಹುಟ್ಟಿದ್ದು. ಅಲ್ಲಿ ಶಿಲಾಶಾಸನಗಳುಂಟು, ಜೈನ ಹಾಗೂ ಶೈವ ವಿಗ್ರಹಗಳುಂಟು, ಆಯುಧಗಳು, ಜಮಖಾನೆಗಳು, ಹಸ್ತಪ್ರತಿಗಳು ಉಂಟು. ಆದರೆ ನಮ್ಮವರು ಮಾಡುವುದೇನು? ನೇರವಾಗಿ ಗುಮ್ಮಟದ ಮೆಟ್ಟಿಲನ್ನೇರಿ, ಮೇಲಿನ ಮೊಗಸಾಲೆಯಲ್ಲಿ ನಿಂತು ಒಂದು ಕೂಗು ಹಾಕಿ, ಅದರ ಪ್ರತಿಧ್ವನಿಗಳನ್ನು ಎಣಿಸಿ, ಇಳಿದು ಬಂದು ಬಸ್ಸು ಹತ್ತುವರು. ಕೂಗಬಾರದೆಂದು ನಾವು ಹೇಳುವುದಿಲ್ಲ. ಕೂಗಿದ ಮೇಲೆ ಅರ್ಧ ತಾಸು ಕೆಳಗಿನ ಸಂಗ್ರಹಾಲಯಕ್ಕೂ ಕೊಡಬಹುದಲ್ಲ, ಎಂಬುದಷ್ಟೇ ನಮ್ಮ ವಿಜ್ಞಾಪನೆ. ಅದಕ್ಕೆ ಶುಕ್ರವಾರ ರಜೆ. ಬೆಂಗಳೂರಿನ ಸಂಗ್ರಹಾಲಯಗಳಲ್ಲಿ ಬಹಳಷ್ಟಕ್ಕೆ ಸೋಮವಾರ ರಜೆ. ಇಷ್ಟನ್ನು ನೆನಪಿಟ್ಟರೆ ಮುಚ್ಚಿದ ಬಾಗಿಲಿನ ಮುಂದೆ ಮಕ್ಕಳನ್ನು ನಿಲ್ಲಿಸುವ ಪ್ರಸಂಗ ಬಾರದು.

2023ರಲ್ಲಿ ಒಂದು ಲಗ್ನದ ನಿಮಿತ್ತವಾಗಿ ನಾವು ಗೊಳಸಂಗಿಯಿಂದ ಬೆಂಗಳೂರಿಗೆ ಹೋದಾಗ, ಮರುದಿನವನ್ನು ಕಸ್ತೂರಬಾ ರಸ್ತೆಯೊಂದಕ್ಕೇ ಮೀಸಲಿಟ್ಟೆವು. ಇದು ಕಬ್ಬನ್ ಉದ್ಯಾನದ ಅಂಚಿನಲ್ಲಿ ಹಾಯ್ದುಹೋಗುವ ರಸ್ತೆ. ಸರಕಾರಿ ವಸ್ತುಸಂಗ್ರಹಾಲಯ, ಅದಕ್ಕೆ ತಗಲಿದ ವೆಂಕಟಪ್ಪ ಚಿತ್ರಶಾಲೆ, ಯಂತ್ರಗಳನ್ನು ನೋಡಬಯಸುವ ಹುಡುಗರಿಗೆ ವಿಶ್ವೇಶ್ವರಯ್ಯನವರ ಹೆಸರಿನ ಸಂಗ್ರಹಾಲಯ, ರಸ್ತೆಯ ಎದುರು ಬದಿಗೆ ಹೊಸದಾದ ಕಲಾ ಮತ್ತು ಛಾಯಾಚಿತ್ರ ಸಂಗ್ರಹಾಲಯ,—ಇವೆಲ್ಲ ಒಂದರಿಂದೊಂದಕ್ಕೆ ಕಾಲ್ನಡಿಗೆಯಲ್ಲಿಯೇ ಹೋಗುವಷ್ಟು ಹತ್ತಿರ ಇವೆ. ಹಳೆಯ ಕಟ್ಟಡಗಳು ದುರಸ್ತಿಗಾಗಿ ಆಗಾಗ ಮುಚ್ಚಿರುವುದುಂಟು. ಆದುದರಿಂದ ಹೊರಡುವ ಮೊದಲು ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಲೇಸು. ನಮ್ಮೊಡನೆ ಎಪ್ಪತ್ತು ದಾಟಿದ ನಮ್ಮ ದೊಡ್ಡವ್ವನವರೂ, ನಮ್ಮ ಸೊಸೆಯೂ, ಹತ್ತು ವರ್ಷದ ಅವಳ ಮಗನೂ ಇದ್ದರು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಉದ್ಯಾನದ ಮರಗಳ ನೆರಳು ಇರುವಾಗ ಊಟಕ್ಕೆ ಬೇರೆ ಜಾಗ ಹುಡುಕಬೇಕಾಗಿಲ್ಲ.

ಸರಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಆರಂಭವಾಗಿ, ಈಗಿನ ಕೆಂಪು ಕಟ್ಟಡಕ್ಕೆ 1877ರ ಸುಮಾರಿಗೆ ಬಂದದ್ದು. ಅಲ್ಲಿ ನೋಡಲೇಬೇಕಾದ ಒಂದೇ ಒಂದು ಕಲ್ಲನ್ನು ಹೇಳೆಂದರೆ ನಾವು ಆತಕೂರಿನ ವೀರಗಲ್ಲನ್ನು ಹೇಳುವೆವು. ಮಂಡ್ಯದ ಕಡೆಯ ಆತಕೂರಿನಲ್ಲಿ ದೊರೆತ ಈ ಕಲ್ಲು ಕ್ರಿ. ಶ. 950ರ ಸುಮಾರಿನದು. ಗಂಗರ ಬೂತುಗನ ಬಳಿಯಲ್ಲಿದ್ದ ಮಣಲೇರನೆಂಬ ವೀರನು ಯುದ್ಧದಲ್ಲಿ ಮೆರೆದುದಕ್ಕೆ ಮೆಚ್ಚಿ, ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಏನು ಬೇಕೆಂದು ಕೇಳಿದನಂತೆ. ಊರನ್ನು ಕೇಳಬಹುದಿತ್ತು, ಹೊನ್ನನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆ ನಡೆಯಲೆಂದು ಭೂಮಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಕಚ್ಚಾಡುವ ಚಿತ್ರವು ಕಲ್ಲಿನ ಮೇಲೆಯೇ ಇದೆ. ಸುತ್ತಲೂ ಹಳಗನ್ನಡದ ಅಕ್ಷರ. ಅದುವರೆಗೆ ಕಾಲೆಳೆಯುತ್ತ ಬಂದಿದ್ದ ನಮ್ಮ ಹುಡುಗನು ಅಲ್ಲಿಂದ ಕದಲಲೊಲ್ಲನು. ಮಕ್ಕಳನ್ನು ಇಂಥಲ್ಲಿಗೆ ಕರೆತಂದವರು ರಾಜರ ವಂಶಾವಳಿಯಿಂದ ಆರಂಭಿಸದೆ ನಾಯಿಯಿಂದ ಆರಂಭಿಸಿದರೆ ಕೆಲಸ ಹಗುರಾಗುತ್ತದೆ.

ವೆಂಕಟಪ್ಪ ಚಿತ್ರಶಾಲೆಯ ಬಗ್ಗೆ ಎರಡೇ ಮಾತು. ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಯ ಆಶ್ರಯದಿಂದ ಕಲಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರಕಲೆಯನ್ನು ಕಲಿತವರು. ಸಂಗೀತದಲ್ಲಿಯೂ ಅಷ್ಟೇ ಆಸಕ್ತರಾಗಿ ವೀಣೆಯನ್ನು ಸಾಧಿಸಿದವರು. ಉದಕಮಂಡಲ, ಕೊಡೈಕೆನಾಲುಗಳ ಮಂಜನ್ನು ಜಲವರ್ಣದಲ್ಲಿ ಹಿಡಿದ ಅವರ ಪಟಗಳು ಅಂಗೈಯಗಲದ ಜಾಗದಲ್ಲಿಯೂ ಎಷ್ಟು ತಾಳ್ಮೆ ಹಿಡಿಸಬಹುದೆಂಬುದನ್ನು ತೋರಿಸುತ್ತವೆ. ಅವರ ಹೆಸರಿನ ಈ ಶಾಲೆಯು 1975ರಲ್ಲಿ ತೆರೆಯಿತು.

ಇನ್ನು ಹೊಸ ಸಂಗ್ರಹಾಲಯದ ಮಾತು. ಅಭಿಷೇಕ ಪೋದ್ದಾರರೆಂಬವರು ತಮ್ಮ ಸಂಗ್ರಹವನ್ನು ಆಧಾರವಾಗಿಟ್ಟು ಸ್ಥಾಪಿಸಿದ ಈ ಸಂಸ್ಥೆಯ ಐದಂತಸ್ತಿನ ಕಟ್ಟಡವು 2023ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹೊರಮೈಗೆ ಉಕ್ಕಿನ ತಗಡುಗಳ ಹೊದಿಕೆ. ಅದನ್ನು ಕಂಡೊಡನೆ ನಮ್ಮ ದೊಡ್ಡವ್ವನವರು, "ಇದೇನಪಾ, ನೀರಿನ ಟಾಕಿ ಇದ್ದಂಗ ಐತಿ!" ಎಂದರು. ನಾವು ನಕ್ಕೆವು. ಒಳಗೆ ವಿಚಾರಿಸಲಾಗಿ, ಕಟ್ಟಡವನ್ನು ರಚಿಸಿದ ವಾಸ್ತುಶಿಲ್ಪಿಗಳ ಮನಸ್ಸಿನಲ್ಲಿ ಇದ್ದುದೂ ಹಳೆಯ ಕಾಲದ ನೀರಿನ ಟಾಕಿಯೇ ಎಂದು ತಿಳಿಯಿತು. ನೀರನ್ನು ಕೂಡಿಡುವಂತೆ ಕಲೆಯನ್ನು ಕೂಡಿಡುವ ಸ್ಥಳ ಎಂಬುದು ಅವರ ಭಾವ. "ತಿಳಿಯದವರು" ಎಂದು ತಮ್ಮನ್ನು ತಾವೇ ಕರೆದುಕೊಳ್ಳುವವರು ಬಾಗಿಲಲ್ಲಿಯೇ ಅರ್ಧ ಪರೀಕ್ಷೆಯಲ್ಲಿ ಉತ್ತೀರ್ಣರಾದಂತಾಯಿತು.

ಆ ದಿನಗಳಲ್ಲಿ ಅಲ್ಲಿ ಜ್ಯೋತಿ ಭಟ್ಟರ ಛಾಯಾಚಿತ್ರಗಳ ಪ್ರದರ್ಶನವಿತ್ತು. 1934ರಲ್ಲಿ ಗುಜರಾತದ ಭಾವನಗರದಲ್ಲಿ ಹುಟ್ಟಿ, ಬಡೋದೆಯಲ್ಲಿ ಚಿತ್ರಕಲೆಯನ್ನು ಕಲಿತು ಕಲಿಸಿದ ಇವರು, 1960ರ ದಶಕದ ಕೊನೆಯಿಂದ ಹಳ್ಳಿಹಳ್ಳಿಗೆ ತಿರುಗಿ, ಹೆಣ್ಣುಮಕ್ಕಳು ಮನೆಯ ಗೋಡೆಗಳ ಮೇಲೂ ಅಂಗಳಗಳಲ್ಲಿಯೂ ಬರೆಯುವ ಚಿತ್ರಗಳನ್ನು ಕ್ಯಾಮರಾದಲ್ಲಿ ಸೆರೆಹಿಡಿದರು. ಮಣ್ಣಿನ ಗೋಡೆ ಬಿದ್ದು ಸಿಮೆಂಟಿನದು ಎದ್ದಾಗ ಆ ಚಿತ್ರಗಳೂ ಹೋಗುವುವೆಂಬುದನ್ನು ಅವರು ಮೊದಲೇ ಬಲ್ಲವರಾಗಿದ್ದರು. ದೊಡ್ಡವ್ವನವರು ಇಂಥದೊಂದು ಪಟದ ಮುಂದೆ ನಿಂತು, ಗೋಡೆಗೆ ಸುಣ್ಣ ಹಚ್ಚಿದ ಬಗೆಯನ್ನೂ ಗೆರೆ ಎಳೆಯುವಾಗ ಕೈ ಎಲ್ಲಿ ತಡೆದಿದೆ ಎಂಬುದನ್ನೂ ಸೊಸೆಗೆ ತೋರಿಸಿದರು. ಹೊಸ್ತಿಲಿಗೆ ಐವತ್ತು ವರ್ಷ ರಂಗೋಲಿ ಇಟ್ಟ ಕೈ ಅದು. ಪಕ್ಕದಲ್ಲಿದ್ದ ಪಟ್ಟಣದ ಇಬ್ಬರು ತರುಣಿಯರು ಫಲಕವನ್ನೋದುವುದನ್ನು ಬಿಟ್ಟು ಇವರ ಮಾತನ್ನೇ ಕೇಳುತ್ತ ನಿಂತರು.

ಫಲಕಗಳ ವಿಷಯದಲ್ಲಿ ನಮ್ಮದೊಂದು ಆಕ್ಷೇಪವುಂಟು. ಅದನ್ನು ಯಾವ ಒಂದು ಸಂಸ್ಥೆಯ ಮೇಲೂ ಹೊರಿಸದೆ ಒಟ್ಟಾರೆಯಾಗಿ ಹೇಳುತ್ತೇವೆ. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡವೊಂದನ್ನೇ ಬಲ್ಲ ಗೃಹಿಣಿಯು ಪಟದ ಮುಂದೆ ನಿಂತಾಗ ಅವಳಿಗೆ ಅದರ ವಿಷಯವು ಅವಳ ಭಾಷೆಯಲ್ಲಿ, ಅವಳ ಕಣ್ಣಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ ದೊರೆಯಬೇಕು. ಎಲ್ಲೆಡೆ ಹಾಗಿಲ್ಲ. ಆದರೂ ಫಲಕವನ್ನು ಕೊನೆಗೆ ಓದಿದರೂ ನಡೆಯುತ್ತದೆ. ಮೊದಲು ಪಟವನ್ನೇ ನೋಡಿ: ಬೆಳಕು ಯಾವ ಕಡೆಯಿಂದ ಬಂದಿದೆ? ಯಾರ ಕೈಯಲ್ಲಿ ಏನಿದೆ? ಅಂಚಿನಲ್ಲಿ ಅರ್ಧ ಕಾಣುವವರು ಯಾರು? ಎಲ್ಲವನ್ನೂ ನೋಡಬೇಕೆಂಬ ಹಟ ಬೇಡ. ಒಬ್ಬೊಬ್ಬರು ಒಂದೊಂದು ಪಟವನ್ನು ಆರಿಸಿಕೊಂಡು, ಒಂದು ರೊಟ್ಟಿ ತಿನ್ನುವಷ್ಟು ಹೊತ್ತು ಅದರ ಮುಂದೆ ನಿಂತರೆ, ನೂರು ಪಟಗಳ ಮುಂದೆ ಓಡಿದ್ದಕ್ಕಿಂತ ಹೆಚ್ಚಿನ ಲಾಭವುಂಟು. ಒಂದೂವರೆ ತಾಸಿನ ಮೇಲೆ ಕಣ್ಣೂ ಕಾಲೂ ಸೋಲುತ್ತವೆ; ಆಗ ಹೊರಗೆ ಬಂದುಬಿಡಬೇಕು.

ಒಳಗೆ ಇಷ್ಟು ಮಬ್ಬು ಬೆಳಕೇಕೆಂದು ನಮ್ಮ ಹುಡುಗನು ಕೇಳಿದನು. ಯೋಗ್ಯವಾದ ಪ್ರಶ್ನೆ. ಬೆಳಕು ಬಣ್ಣವನ್ನು ತಿನ್ನುತ್ತದೆ. ಜಲವರ್ಣ, ಜವಳಿ, ಹಳೆಯ ಛಾಯಾಚಿತ್ರ,—ಇಂಥ ಕೋಮಲ ವಸ್ತುಗಳಿಗೆ ಸಂಗ್ರಹಾಲಯದವರು ಸಾಮಾನ್ಯವಾಗಿ 50 ಲಕ್ಸಿನಷ್ಟು ಬೆಳಕನ್ನು ಮಾತ್ರ ಬಿಡುತ್ತಾರೆ. ಲಕ್ಸ್ ಎಂಬುದು ಬೆಳಕನ್ನಳೆಯುವ ಮಾನ. ನಮ್ಮ ಅಂಗಳದ ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸಿನವರೆಗೂ ಇರುತ್ತದೆ. ಪಡಸಾಲೆಯಲ್ಲಿ ಬಾಗಿಲ ಬಿಸಿಲಿಗೆ ಎದುರಾಗಿ ತೂಗುಹಾಕಿದ ಹಿರಿಯರ ಪಟಗಳು ಏಕೆ ಬಿಳಿಚಿಕೊಂಡಿವೆ ಎಂಬುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಈ ಸಂಗ್ರಹಾಲಯದಲ್ಲಿ ನಮಗೆ ವಿಶೇಷವಾಗಿ ಮೆಚ್ಚುಗೆಯಾದ ಸಂಗತಿಯೆಂದರೆ, ಕ್ಯಾಲೆಂಡರಿನ ಪಟ, ಕಡ್ಡಿಪೆಟ್ಟಿಗೆಯ ಚೀಟಿ, ಸಿನೇಮಾದ ಪ್ರಚಾರಚಿತ್ರ, ಇಂಥ ಜನಸಾಮಾನ್ಯರ ಚಿತ್ರಗಳನ್ನೂ ಅವರು ಸಂಗ್ರಹಿಸಿ ಕಾಪಾಡುತ್ತಿರುವುದು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಸಿನೇಮಾ ಪ್ರಚಾರಚಿತ್ರಗಳನ್ನೂ ಕ್ಯಾಲೆಂಡರಿನ ದೇವದೇವತೆಗಳನ್ನೂ ಬರೆದು ದೇಶದ ಲಕ್ಷಾಂತರ ಮನೆಗಳ ಗೋಡೆಯನ್ನು ಸೇರಿದವರು. ನಮ್ಮ ಭಾಗದಲ್ಲಿ ಅವರ ಚಿತ್ರವನ್ನು ನೋಡದವರು ಕಡಮೆ, ಹೆಸರನ್ನು ಕೇಳಿದವರು ಇನ್ನೂ ಕಡಮೆ. ವರ್ಷ ಮುಗಿದೊಡನೆ ಆ ಹಾಳೆಗಳು ಪುಸ್ತಕಗಳಿಗೆ ಹೊದಿಕೆಯಾದವು.

ಛಾಯಾಚಿತ್ರದ ಮಾತಿಗೆ ಬಂದಾಗ ವಿಜಯಪುರದ ಹೆಸರು ಆರಂಭದಲ್ಲಿಯೇ ಬರುತ್ತದೆಂಬುದನ್ನು ನಮ್ಮ ವಾಚಕರಲ್ಲಿ ಎಷ್ಟು ಜನ ಬಲ್ಲರು? ಈ ವಿದ್ಯೆಯು ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. 1855ರಲ್ಲಿಯೇ ಮುಂಬಯಿ ಸರಕಾರದವರು ತೋಪಖಾನೆಯ ಅಧಿಕಾರಿಯಾದ ಥಾಮಸ್ ಬಿಗ್ಸ್ ಎಂಬವರನ್ನು ಸರಕಾರಿ ಛಾಯಾಗ್ರಾಹಕರನ್ನಾಗಿ ನಿಯಮಿಸಿ, ವಿಜಯಪುರ, ಬಾದಾಮಿ, ಐಹೊಳೆ ಮೊದಲಾದ ಸ್ಥಳಗಳಿಗೆ ಕಳುಹಿದರು. ಆಗ ಫಿಲ್ಮೂ ಇಲ್ಲ, ರೈಲೂ ಇಲ್ಲ. ಔಷಧ ಹಚ್ಚಿದ ಕಾಗದವೇ ಅವರ ನೆಗೆಟಿವ್. ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಕ್ಯಾಮರಾದ ಕಣ್ಣನ್ನು ತೆರೆದಿಡಬೇಕು. ಅಷ್ಟರಲ್ಲಿ ನಡೆದಾಡುವವರ ಗುರುತು ಕಾಗದದ ಮೇಲೆ ಮೂಡುವುದೇ ಇಲ್ಲ. ಹೀಗಾಗಿ ಆ ಕಾಲದ ಚಿತ್ರಗಳಲ್ಲಿ ಕಟ್ಟಡಗಳು ನಿಂತಿವೆ, ಜನರು ಮಾಯವಾಗಿದ್ದಾರೆ. ಅವುಗಳಲ್ಲಿ ಕೆಲವು, ಬೇರೆಯವರು ತೆಗೆದ ಚಿತ್ರಗಳೊಡನೆ, 1866ರಲ್ಲಿ ಲಂಡನ್ನಿನಲ್ಲಿ ವಿಜಯಪುರದ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು. ಅದರಲ್ಲಿ ಇತಿಹಾಸವನ್ನು ಬರೆದವರು ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರರು.

ಬಣ್ಣದ ಚಿತ್ರಗಳ ಕಥೆಯೂ ಹೀಗೆಯೇ. ಆದಿಲಶಾಹಿ ದರಬಾರಿನ ಉತ್ತಮವಾದ ಪಟಗಳು ಇಂದು ಲಂಡನ್, ಡಬ್ಲಿನ್, ನ್ಯೂಯಾರ್ಕುಗಳಲ್ಲಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 1680ರ ಸುಮಾರಿಗೆ ಕಮಾಲ ಮಹಮ್ಮದ, ಚಾಂದ ಮಹಮ್ಮದ ಎಂಬ ಇಬ್ಬರು ಕೂಡಿ ಬರೆದ ಒಂದು ಪಟವುಂಟು. ಮೂಲಪುರುಷನಾದ ಯೂಸುಫನಿಂದ ಹಿಡಿದು ಕೊನೆಯವನಾದ ಸಿಕಂದರನವರೆಗಿನ ಸುಲ್ತಾನರು ಒಂದೇ ಕಡೆಯಲ್ಲಿ ಸಾಲಾಗಿ ಕುಳಿತಿದ್ದಾರೆ. ಸುಮಾರು ಎರಡು ನೂರು ವರ್ಷಗಳ ಅಂತರದಲ್ಲಿ ಬಾಳಿದವರು ಹೀಗೆ ಕೂಡಿ ಕುಳಿತದ್ದು ಚಿತ್ರದಲ್ಲಿ ಮಾತ್ರ. ಅದು ಬರೆದ ಆರೇಳು ವರ್ಷಗಳಲ್ಲಿ, 1686ರಲ್ಲಿ, ಔರಂಗಜೇಬನು ವಿಜಯಪುರವನ್ನು ಗೆದ್ದು ಸಿಕಂದರನನ್ನು ಸೆರೆಹಿಡಿದನು. ಮನೆತನವು ಮುಳುಗುವ ಹೊತ್ತಿನಲ್ಲಿ ಎಲ್ಲರನ್ನೂ ಒಂದು ಪಟದಲ್ಲಿ ಕೂಡಿಸಿಕೊಳ್ಳಬೇಕೆಂಬ ಆಸೆ ಅರಸರಿಗೂ ತಪ್ಪಲಿಲ್ಲ. ಈ ಪಟವನ್ನು ಇಂದು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ನೋಡಬಹುದು. ಹೊರದೇಶದವರು ಅದನ್ನು ಕಾಪಾಡಿದರೆಂದು ಸಂತೋಷಪಡಬೇಕೋ, ನಮ್ಮಲ್ಲಿ ಉಳಿಯಲಿಲ್ಲವೆಂದು ದುಃಖಿಸಬೇಕೋ? ಸಿಂದಗಿಯ ಹಾದಿಯಲ್ಲಿ ಕುಮಟಗಿಯ ಜಲಮಂಟಪದ ಗೋಡೆಗಳ ಮೇಲಿದ್ದ ಕುಸ್ತಿಯಾಳುಗಳ, ಕುದುರೆಯ ಮೇಲೆ ಚೆಂಡಾಡುವವರ ಚಿತ್ರಗಳು ಬಹುಮಟ್ಟಿಗೆ ಅಳಿಸಿಹೋಗಿರುವುದನ್ನು ಕಂಡವರು ಉತ್ತರ ಕೊಡಲು ತಡವರಿಸುವರು.

ಮನೆತನದ ಪಟದ ಮಾತು ಬಂದುದರಿಂದ ನಮ್ಮ ಮನೆಯ ಟ್ರಂಕಿನ ವಿಷಯವನ್ನು ಹೇಳಲೇಬೇಕು. ಆಲಮಟ್ಟಿಯ ಆಣೆಕಟ್ಟಿಗೆ 1964ರಲ್ಲಿ ಲಾಲಬಹಾದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ದಶಕಗಳ ಬಳಿಕ ಕೃಷ್ಣೆಯ ನೀರು ಹಿಂದೆ ನಿಂತು, ದಂಡೆಯ ಎಷ್ಟೋ ಊರುಗಳು ಸ್ಥಳ ಬಿಟ್ಟವು. ಹಳೆಯ ಬಾಗಲಕೋಟೆಯ ಭಾಗವೇ ನೀರಿಗೆ ಹೋಯಿತು. ನೀರಾವರಿಯ ಉಪಕಾರವನ್ನು ಅಲ್ಲಗಳೆಯುವ ಕೃತಘ್ನರು ನಾವಲ್ಲ. ಗೊಳಸಂಗಿಗೆ ಮುಳುಗಡೆ ಬರಲಿಲ್ಲ. ಆದರೆ ನಮ್ಮ ಮನೆಗೆ ಸೊಸೆಯಾಗಿ ಬಂದ ದೊಡ್ಡವ್ವನವರ ತವರು ನದಿಯ ದಂಡೆಯಲ್ಲಿತ್ತು. ಆ ಮನೆಯ ಬಾಗಿಲು, ಕಟ್ಟೆ, ಬೇವಿನ ಗಿಡ ಈಗ ಇರುವುದು ಒಂದು ಲಗ್ನದ ಫೋಟೋದ ಹಿನ್ನೆಲೆಯಲ್ಲಿ ಮಾತ್ರ. ಫೋಟೋ ತೆಗೆದವನು ಬಾಗಿಲನ್ನು ತೆಗೆಯಬೇಕೆಂದು ತೆಗೆಯಲಿಲ್ಲ; ಮದುಮಕ್ಕಳನ್ನು ನಿಲ್ಲಿಸಲು ಬೇರೆ ಜಾಗವಿರಲಿಲ್ಲ. ಚಿತ್ರಶಾಲೆಯಿಂದ ಹೊರಗೆ ಬಂದು ಉದ್ಯಾನದಲ್ಲಿ ಬುತ್ತಿ ಬಿಚ್ಚಿದಾಗ ಅವರು ತಾವಾಗಿ ಕೇಳಿದರು: "ಗುಜರಾತದ ಗ್ವಾಡಿ ಇಷ್ಟ್ ಚಂದಾಗಿ ಇಟ್ಟಾರ. ನಮ್ಮವ್ವನ ಬಾಗಲಾ ಟ್ರಂಕಿನ್ಯಾಗ ಹೆಂಗ ಐತೋ ಏನೋ?"

ಊರಿಗೆ ಬಂದು ನೋಡಲಾಗಿ, ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೂವತ್ತೆಂಟು ಫೋಟೋಗಳಿದ್ದವು. ಎರಡು ಒಂದಕ್ಕೊಂದು ಅಂಟಿದ್ದವು. ಒಂದು ಕಟ್ಟಿನ ಗಾಜಿಗೆ ಅಂಟಿತ್ತು. ವಾಚಕರ ಮನೆಗಳಲ್ಲಿಯೂ ಹೀಗೆಯೇ ಇರುವ ಸಂಭವವಿರುವುದರಿಂದ, ತಿಳಿದವರು ಹೇಳುವ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಗಾಜಿಗೆ ಅಂಟಿದ ಪಟವನ್ನು ಕಿತ್ತು ತೆಗೆಯಬಾರದು. ಗಾಜಿನೊಡನೆಯೇ ಅದರ ಪ್ರತಿಯನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಪ್ರತಿ ತೆಗೆಯುವಾಗ ಪಟವನ್ನು ಬಿಸಿಲು ನೇರವಾಗಿ ಬೀಳದ ಬೆಳಕಿನ ಜಾಗದಲ್ಲಿ, ಬಾಗಿಲ ಒಳಗೆ ನೆರಳಿನಲ್ಲಿ, ಚಪ್ಪಟೆಯಾಗಿಟ್ಟು, ಫ್ಲ್ಯಾಶ್ ಹಾಕದೆ ನೇರ ಮೇಲಿನಿಂದ ತೆಗೆಯಬೇಕು. ಹರಿದುದಕ್ಕೆ ಅಂಟುಪಟ್ಟಿಯನ್ನು ಹಚ್ಚಬಾರದು; ಅದರ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಪಟವನ್ನೇ ಕೆಡಿಸುತ್ತದೆ. ಹಾಳೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಮುಚ್ಚುವ ಲಗ್ನದ ಅಲ್ಬಮ್ಮುಗಳೂ ಅಂಥವೇ. ತೇವ ಕಾಣದ, ಸೆಕೆ ಹೊಡೆಯದ ಕಡೆ, ಒಂದೊಂದರ ನಡುವೆ ಶುಭ್ರವಾದ ಬಿಳಿ ಕಾಗದವನ್ನಿಟ್ಟು ಪೆಟ್ಟಿಗೆಯಲ್ಲಿಡುವುದು ಮೇಲು. ಕಪ್ಪುಬಿಳುಪಿನ ಹಳೆಯ ಪಟಗಳು ಬೆಳ್ಳಿಯ ಕಣಗಳಿಂದಾದವು, ಗಟ್ಟಿ. ಆದರೆ 1970–80ರ ಬಣ್ಣದ ಪಟಗಳು ಕತ್ತಲೆಯಲ್ಲಿಟ್ಟರೂ ನೀಲಿ ಕಳೆದು ಕೆಂಪಾಗುತ್ತ ಹೋಗುವುವು. ಆದುದರಿಂದ ಬಣ್ಣದವುಗಳ ಪ್ರತಿಯನ್ನು ಮೊದಲು ತೆಗೆಯಬೇಕು. ಮೊಬೈಲಿನಲ್ಲಿ ಪ್ರತಿ ಬಂತೆಂದು ಮೂಲವನ್ನು ಎಸೆಯುವವರೂ ಇದ್ದಾರೆ. ಮೊಬೈಲು ನೀರಿಗೆ ಬಿದ್ದ ದಿನ ಅವರಿಗೆ ತಿಳಿಯುತ್ತದೆ.

ಇವೆಲ್ಲಕ್ಕಿಂತ ಅವಸರದ ಕೆಲಸವು ಹೆಸರು ಬರೆಯುವುದು. ಶಾಯಿ ಬೇಡ, ಒತ್ತಿ ಬರೆಯುವ ಬಾಲ್‌ಪೆನ್ನು ಬೇಡ. ಮೆತ್ತನೆಯ ಸೀಸಕಡ್ಡಿಯಿಂದ ಪಟದ ಹಿಂಬದಿಯ ಅಂಚಿನಲ್ಲಿ ಹಗುರಾಗಿ ಬರೆಯಬೇಕು: ಯಾರು, ಯಾವ ಊರು, ಯಾವ ಪ್ರಸಂಗ, ಸುಮಾರು ಯಾವ ವರ್ಷ. ಎಷ್ಟೋ ಸಂಗ್ರಹಾಲಯಗಳ ಹಳೆಯ ಛಾಯಾಚಿತ್ರಗಳ ಕೆಳಗೆ "ಹೆಸರು ತಿಳಿಯದ ಸ್ತ್ರೀ" ಎಂದಷ್ಟೇ ಇರುತ್ತದೆ. ಅವಳ ಹೆಸರನ್ನು ಬಲ್ಲವರು ಒಂದು ಕಾಲದಲ್ಲಿ ಅವಳ ಮನೆಯಲ್ಲಿಯೇ ಇದ್ದರಲ್ಲವೆ!

ನಾವು ಮೂರು ಸಂಜೆ ಕುಳಿತು ಬರೆದೆವು. ದೊಡ್ಡವ್ವನವರು ಹೇಳುವುದು, ಹುಡುಗನು ಬರೆಯುವುದು. ಲಗ್ನದ ಪಟದಲ್ಲಿ ಹದಿನೇಳು ಮಂದಿ. ಹದಿನೈದು ಹೆಸರುಗಳು ಸಿಕ್ಕವು. ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಗಂಡಸಿನ ಹೆಸರೂ, ಅವನ ಬೆರಳನ್ನು ಹಿಡಿದ ಸಣ್ಣ ಹುಡುಗಿಯ ಹೆಸರೂ ಉಳಿದಿವೆ. ಅವರನ್ನು ಗುರುತಿಸಬಲ್ಲ ಮುದುಕಿಯೊಬ್ಬಳು ನಿಡಗುಂದಿಯಲ್ಲಿ ಮೊಮ್ಮಗನ ಮನೆಯಲ್ಲಿದ್ದಾಳಂತೆ. ಕಣ್ಣು ಇನ್ನೂ ಚುರುಕಾಗಿವೆಯಂತೆ. ಬರುವ ಸೋಮವಾರ ಪಟವನ್ನು ಬಿಳಿ ಕಾಗದದಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋಗುವವರಿದ್ದೇವೆ.